ಆರು ದಿನದ ಉತ್ಪಾದನೆ, ಎಂಟು ದಿನದ ಕೂಲಿ

1918ರ ಸೆಪ್ಟೆಂಬರ್ 28ರ ಮಧ್ಯಾಹ್ನದಿಂದ ಮರುದಿನ ಮಧ್ಯಾಹ್ನದವರೆಗೆ ಮೊದಲ ಮಹಾಯುದ್ಧದ ಪಶ್ಚಿಮ ರಣರಂಗದಲ್ಲಿ ಬ್ರಿಟಿಷ್ ಫಿರಂಗಿಗಳು ಹಾರಿಸಿದ ಶೆಲ್‌ಗಳ ಸಂಖ್ಯೆ ಒಂಬತ್ತು ಲಕ್ಷ ನಲವತ್ತು ಸಾವಿರ ದಾಟಿತ್ತು. ದಿನವೊಂದಕ್ಕೆ 86,400 ಸೆಕೆಂಡು. ಭಾಗಿಸಿ ನೋಡಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಹನ್ನೊಂದು ಶೆಲ್. ಅದೂ ರಾತ್ರಿಯಿಡೀ, ಒಂದು ಕ್ಷಣವೂ ಬಿಡುವಿಲ್ಲದೆ. ಎರಡು ವರ್ಷ ಮೊದಲು ಸೊಮ್ ಕದನಕ್ಕೆ ಮುನ್ನ ಏಳು ದಿನ ನಡೆದ ಗುಂಡಿನ ಮಳೆಯಲ್ಲಿ ಹಾರಿದ್ದು ಸುಮಾರು ಹದಿನೈದು ಲಕ್ಷ. ಆಗ ಅದನ್ನೇ ಲೋಕ ಕಂಡು ಕೇಳರಿಯದ್ದು ಅಂದುಕೊಂಡಿದ್ದರು. ಇಡೀ ಯುದ್ಧದಲ್ಲಿ ಆ ಒಂದು ರಣರಂಗದಲ್ಲೇ ಬ್ರಿಟನ್ ಸುಟ್ಟ ಶೆಲ್‌ಗಳು ಹದಿನೇಳು ಕೋಟಿ.

ಇತಿಹಾಸದ ಪುಸ್ತಕಗಳು ಈ ಸಂಖ್ಯೆಗಳನ್ನು ಹೇಳಿ ಮುಂದಕ್ಕೆ ಹೋಗಿಬಿಡುತ್ತವೆ. ಆದರೆ ಹಾರಿದ ಪ್ರತಿಯೊಂದು ಶೆಲ್ಲನ್ನೂ ಯಾರೋ ಲೇತ್ ಮೇಲೆ ತಿರುಗಿಸಿ, ಒಳಗೆ ಕೊರೆದು, ಅಳತೆ ನೋಡಿ, ಮದ್ದು ತುಂಬಿ, ಮೂತಿಗೆ ಫ್ಯೂಸ್ ಬಿಗಿದು ಕಳಿಸಿರಲೇಬೇಕು. ಹದಿನೇಳು ಕೋಟಿ ಸಲ. ಆ ಕೈಗಳು ವಾರಕ್ಕೆ ಎಷ್ಟು ಗಂಟೆ ದುಡಿದವು, ಎಷ್ಟು ದಿನ ಕಾಯಿಲೆ ಬಿದ್ದು ಮನೆಯಲ್ಲಿ ಉಳಿದವು, ಅದಕ್ಕೆ ಬೊಕ್ಕಸದಿಂದ ಎಷ್ಟು ಓಟಿ (ಓವರ್‌ಟೈಂ ಕೂಲಿ) ಹೋಯಿತು ಎಂಬ ಲೆಕ್ಕ ಇನ್ನೂ ವಿಚಿತ್ರ. ಅದು ಉಳಿದಿರುವುದೇ ಒಂದು ಪುಣ್ಯ. ಯಾಕೆಂದರೆ ಸರ್ಕಾರ ಮೊದಲು ಹುಡುಕಲು ಹೊರಟಿದ್ದು ಬೇರೇನನ್ನೋ.

1915ರ ಮೇ ತಿಂಗಳಲ್ಲಿ ಫ್ರಾನ್ಸ್‌ನ ಓಬೆರ್ ದಿಬ್ಬದ ಮೇಲಿನ ದಾಳಿ ಮಣ್ಣುಗೂಡಿತು. ಶೆಲ್ ಸಾಲದೆ ಸೈನಿಕರು ಸತ್ತರು ಎಂದು ‘ದಿ ಟೈಮ್ಸ್’ ಬರೆಯಿತು. ಲಂಡನ್ನಿನಲ್ಲಿ ಸರ್ಕಾರವೇ ಅಲುಗಾಡಿ ಸಮ್ಮಿಶ್ರ ಸಂಪುಟ ಬಂತು, ಮದ್ದುಗುಂಡಿಗೆಂದೇ ಹೊಸ ಸಚಿವಾಲಯ ಹುಟ್ಟಿತು, ಅದಕ್ಕೆ ಲಾಯ್ಡ್ ಜಾರ್ಜ್ ಮಂತ್ರಿಯಾದರು. ಯುದ್ಧ ಮುಗಿಯುವ ಹೊತ್ತಿಗೆ ಆ ಸಚಿವಾಲಯದ ಸಿಬ್ಬಂದಿಯೇ 65,000. ಅದರ ಉಸ್ತುವಾರಿಯಲ್ಲಿದ್ದ ಕಾರ್ಖಾನೆಗಳು 20,000ಕ್ಕೂ ಹೆಚ್ಚು, ದುಡಿಯುವವರು ಮೂವತ್ತು ಲಕ್ಷ. ಇದರಲ್ಲಿ ಇನ್ನೂರಕ್ಕೂ ಹೆಚ್ಚು ಕಾರ್ಖಾನೆಗಳು ನೇರ ಸರ್ಕಾರದ್ದೇ. ವುಲಿಚ್‌ನ ರಾಯಲ್ ಆರ್ಸೆನಲ್ ಒಂದರಲ್ಲೇ 1,285 ಎಕರೆ, ಸುಮಾರು 80,000 ಜನ. ಸ್ಕಾಟ್ಲೆಂಡಿನ ಗಡಿಯಲ್ಲಿ ಹುಲ್ಲುಗಾವಲಿನ ನಡುವೆ ಎದ್ದ ಗ್ರೆಟ್ನಾ ಕಾರ್ಖಾನೆಯ ಉದ್ದ ಒಂಬತ್ತು ಮೈಲಿ. ಮೆಜೆಸ್ಟಿಕ್‌ನಲ್ಲಿ ಗೇಟು ಹಾಕಿದರೆ ಹಿಂಬಾಗಿಲು ಯಲಹಂಕದ ಹತ್ತಿರ ಬರುತ್ತದೆ. ಅದರೊಳಗೆ 125 ಮೈಲಿ ರೈಲು ಹಳಿ, ಅದರದ್ದೇ ವಿದ್ಯುತ್ತು, ಅದರದ್ದೇ ಬೇಕರಿ, ಅದರದ್ದೇ ಧೋಬಿಖಾನೆ. 1917ರಲ್ಲಿ ಅಲ್ಲಿ 11,576 ಹೆಂಗಸರು, 5,066 ಗಂಡಸರು. ಅವರಲ್ಲಿ ಒಂದು ಪಾಲು ಹೆಂಗಸರು ನೈಟ್ರೋಗ್ಲಿಸರಿನ್ ಮತ್ತು ಗನ್‌ಕಾಟನ್ನನ್ನು ಕೈಯಲ್ಲಿ ಕಲಸುತ್ತಿದ್ದರು. ನೋಡಲು ಬಂದ ಆರ್ಥರ್ ಕಾನನ್ ಡಾಯ್ಲ್ ಆ ಮುದ್ದೆಗೆ ದೆವ್ವದ ಗಂಜಿ ಎಂದು ಹೆಸರಿಟ್ಟರು.

ಇಷ್ಟು ಜನರನ್ನು ಸೇರಿಸಿಕೊಂಡ ಸರ್ಕಾರಕ್ಕೆ ಮಸ್ಟರ್ ರೋಲ್ ತೆರೆದಾಗ ಕಂಡದ್ದು ಖಾಲಿ ಖಾಲಿ ಚೌಕಗಳು. ಸೋಮವಾರ ಗೈರು, ಬೆಳಿಗ್ಗೆ ಆರರ ಶಿಫ್ಟಿಗೆ ಗೈರು, ಸಂಬಳದ ಮರುದಿನ ಗೈರು. ಹಡಗುಕಟ್ಟೆ ಮತ್ತು ಮದ್ದುಗುಂಡಿನ ಪ್ರದೇಶಗಳಲ್ಲಿ ಹಾಳಾದ ಸಮಯದ ಬಗ್ಗೆಯೇ 1915ರಲ್ಲಿ ಒಂದು ಶ್ವೇತಪತ್ರ ಹೊರಟಿತು. ಕಾರಣ ಏನೆಂಬುದರಲ್ಲಿ ಲಾಯ್ಡ್ ಜಾರ್ಜ್‌ಗೆ ಅನುಮಾನವೇ ಇರಲಿಲ್ಲ: ಕುಡಿತ. ಜರ್ಮನಿಯ ಎಲ್ಲ ಜಲಾಂತರ್ಗಾಮಿಗಳಿಗಿಂತ ಹೆಚ್ಚು ಹಾನಿ ಹೆಂಡದಿಂದ ಆಗುತ್ತಿದೆ ಎಂದು ಭಾಷಣ ಮಾಡಿದರು. ರಾಜ ಐದನೇ ಜಾರ್ಜ್ ಯುದ್ಧ ಮುಗಿಯುವ ತನಕ ಅರಮನೆಯಲ್ಲಿ ಮದ್ಯವಿಲ್ಲ ಎಂದು ಪ್ರತಿಜ್ಞೆ ತೊಟ್ಟರು. ಹೆಂಡದಂಗಡಿಯಲ್ಲಿ ಇನ್ನೊಬ್ಬರಿಗೆ ಗ್ಲಾಸು ಕೊಡಿಸುವುದೇ ಅಪರಾಧವಾಯಿತು. ಸಾಲದೆಂಬಂತೆ 1916ರಲ್ಲಿ ಗ್ರೆಟ್ನಾದ ಪಕ್ಕದ ಕಾರ್ಲೈಲ್ ಪಟ್ಟಣದ ಮದ್ಯ ತಯಾರಿಕೆ, ಪಬ್ಬು ಎಲ್ಲವನ್ನೂ ಸರ್ಕಾರ ರಾಷ್ಟ್ರೀಕರಣ ಮಾಡಿತು. ಯುದ್ಧ ಎರಡು ವರ್ಷಕ್ಕೆ ಮುಗಿಯಿತು. ಸರ್ಕಾರಿ ಪಬ್ಬುಗಳು 1970ರ ದಶಕದವರೆಗೂ ನಡೆದವು. ತಾತ್ಕಾಲಿಕ ಕ್ರಮ ಎಂದು ಶುರುವಾದದ್ದು ಅರ್ಧ ಶತಮಾನ ದಾಟುವುದು ನಮ್ಮ ದೇಶದಲ್ಲಿ ಮಾತ್ರ ಅಲ್ಲ ಎಂಬುದೊಂದು ಸಮಾಧಾನ.

ಅಷ್ಟರಲ್ಲೇ ಇನ್ನೊಂದು ಕಾನೂನು ಬಂದಿತ್ತು. 1915ರ ಜುಲೈನ ಮದ್ದುಗುಂಡು ಕಾಯ್ದೆಯ ಪ್ರಕಾರ, ಮಾಲೀಕರ ಬಿಡುಗಡೆ ಪತ್ರವಿಲ್ಲದೆ ಕೆಲಸ ಬಿಟ್ಟ ಕಾರ್ಮಿಕನಿಗೆ ಆರು ವಾರ ಬೇರೆ ಯಾರೂ ಕೆಲಸ ಕೊಡುವಂತಿರಲಿಲ್ಲ. ತಡವಾಗಿ ಬಂದವರನ್ನು, ಬಾರದವರನ್ನು ವಿಶೇಷ ನ್ಯಾಯಮಂಡಳಿಗೆ ಎಳೆದು ದಂಡ ಹಾಕುತ್ತಿದ್ದರು. ಅಂದರೆ ದಣಿದವನಿಗೆ ಕೆಲಸ ಬಿಡುವ ಬಾಗಿಲು ಮುಚ್ಚಿತ್ತು, ಕೆಲಸ ಕಡಿಮೆ ಮಾಡುವ ಬಾಗಿಲು ಮೊದಲೇ ಇರಲಿಲ್ಲ. ಉಳಿದದ್ದು ಒಂದೇ: ಬೆಳಿಗ್ಗೆ ಏಳದಿರುವುದು.

1915ರ ಸೆಪ್ಟೆಂಬರಿನಲ್ಲಿ ಲಾಯ್ಡ್ ಜಾರ್ಜ್ ಅವರೇ ಒಂದು ಸಮಿತಿಯನ್ನೂ ನೇಮಿಸಿದರು. ಹೆಸರು ಮದ್ದುಗುಂಡು ಕಾರ್ಮಿಕರ ಆರೋಗ್ಯ ಸಮಿತಿ, ಅಧ್ಯಕ್ಷರು ವೈದ್ಯ ಸರ್ ಜಾರ್ಜ್ ನ್ಯೂಮನ್. ಸಮಿತಿಯಲ್ಲಿ ಶರೀರಶಾಸ್ತ್ರಜ್ಞರಿದ್ದರು, ಕಾರ್ಖಾನೆ ತಪಾಸಣೆ ಮಾಡಿ ಗೊತ್ತಿದ್ದ ಹೆಂಗಸರಿದ್ದರು, ಕಾರ್ಮಿಕ ನಾಯಕರೂ ಇದ್ದರು. ಈ ಜನ ಮಾಡಿದ ಮೊದಲ ಕೆಲಸ ಉಪದೇಶ ಮಾಡದಿರುವುದು. ಕಾರ್ಖಾನೆಗಳಿಗೆ ಹೋದರು, ಕೆಲಸದ ಗಂಟೆ ಬರೆದುಕೊಂಡರು, ಗಂಟೆಗೆ ಎಷ್ಟು ತುಂಡು ಬಿತ್ತು ಎಂದು ಎಣಿಸಿದರು.

ಸಿಕ್ಕ ಗಂಟೆಗಳೇ ಬೆಚ್ಚಿಬೀಳಿಸುವಂತಿದ್ದವು. ಗಂಡಸರಿಗೆ ವಾರಕ್ಕೆ ಎಪ್ಪತ್ತು ಎಂಬತ್ತು ಗಂಟೆ ಮಾಮೂಲು, ತೊಂಬತ್ತೂ ಅಪರೂಪವಲ್ಲ. ಭಾನುವಾರವೂ ಕೆಲಸ, ಅದಕ್ಕೆ ದುಪ್ಪಟ್ಟು ಕೂಲಿ. ಸಮಿತಿಯ ಮೊದಲ ಟಿಪ್ಪಣಿ ಈ ಭಾನುವಾರದ ಬಗ್ಗೆಯೇ. ಫೋರ್‌ಮನ್‌ಗಳ ಬಾಯಲ್ಲಿ ಅದಾಗಲೇ ಒಂದು ಲೆಕ್ಕ ಓಡಾಡುತ್ತಿತ್ತು: ಭಾನುವಾರವೂ ಕರೆಸಿದರೆ ಏಳು ದಿನ ದುಡಿಯುತ್ತಾರೆ, ಆರು ದಿನದ ಮಾಲು ಬರುತ್ತದೆ, ಎಂಟು ದಿನದ ಕೂಲಿ ಹೋಗುತ್ತದೆ. ಎಂಟನ್ನು ಆರರಿಂದ ಭಾಗಿಸಿ. ಒಂದೊಂದು ಶೆಲ್ಲಿನ ಕೂಲಿ ವೆಚ್ಚ ಮೂರನೇ ಒಂದು ಭಾಗ ಏರಿತು, ಶೆಲ್ ಮಾತ್ರ ಒಂದೂ ಹೆಚ್ಚಾಗಲಿಲ್ಲ. ಇದನ್ನು ಕಂಡುಹಿಡಿಯಲು ಯಾವ ಸಮಿತಿಯೂ ಬೇಕಿರಲಿಲ್ಲ, ಶಾಪ್ ಫ್ಲೋರಿನವರಿಗೆ ಗೊತ್ತಿತ್ತು. ಅದು ಕಡತದೊಳಗೆ ಬರುವುದಕ್ಕೆ ಮಾತ್ರ ವೈದ್ಯರ ಸಹಿ ಬೇಕಾಯಿತು.

ಸಮಿತಿಗೆ ಲೆಕ್ಕ ಹಾಕಿಕೊಟ್ಟವರಲ್ಲಿ ಮುಖ್ಯರಾದವರು ಆಕ್ಸ್‌ಫರ್ಡಿನ ಶರೀರಶಾಸ್ತ್ರಜ್ಞ ಎಚ್.ಎಂ. ವರ್ನನ್. ಶೆಲ್ ಮೂತಿಯ ಫ್ಯೂಸಿನ ಅಲ್ಯೂಮಿನಿಯಂ ಭಾಗಗಳನ್ನು ಲೇತ್ ಮೇಲೆ ತಿರುಗಿಸುವ ಹೆಂಗಸರನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಗಮನಿಸಿದರು. ಅವರು ಆರಿಸಿಕೊಂಡ ಗುಂಪುಗಳು ಯಾಕೆ ಮುಖ್ಯವೆಂದರೆ, ಇವರಿಗೆ ಪೀಸ್ ರೇಟ್ ಕೂಲಿ. ಎಷ್ಟು ತುಂಡೋ ಅಷ್ಟು ಕಾಸು. ಕೈ ನಿಧಾನವಾದರೆ ನಷ್ಟ ಅವರಿಗೇ, ಆದ್ದರಿಂದ ಸೋಮಾರಿತನ ಎಂಬ ಹಳೆಯ ಆರೋಪ ಇಲ್ಲಿ ನಿಲ್ಲುವುದಿಲ್ಲ. ಯಂತ್ರವೂ ಅದೇ, ಕೆಲಸವೂ ಅದೇ. ನಡುವೆ ಬದಲಾದದ್ದು ಗಂಟೆ ಮಾತ್ರ. ಹಾಳೆಯ ಮೇಲೆ ಎಪ್ಪತ್ತು ದಾಟಿದ ವಾರವೂ ಗೈರುಹಾಜರಿ ಕಳೆದರೆ ಅರುವತ್ತರ ನಡುವಿಗೆ ಬಂದು ನಿಲ್ಲುತ್ತಿತ್ತು. ಸರ್ಕಾರ ಕೊಟ್ಟ ಗಂಟೆಯನ್ನು ದೇಹ ಒಂದೊಂದಾಗಿ ವಾಪಸು ಪಡೆಯುತ್ತಿತ್ತು ಎನ್ನಬಹುದು. ಗಂಟೆ ಇಳಿಸಿದಾಗ ಉತ್ಪಾದನೆ ಮರುದಿನವೇ ಏರಲಿಲ್ಲ. ತಿಂಗಳುಗಳ ಮೇಲೆ ನಿಧಾನವಾಗಿ ಏರಿತು. ಉದ್ದದ ದಿನಕ್ಕೆ ಹೊಂದಿಕೊಂಡು ತಮಗೇ ತಿಳಿಯದೆ ಕೈಯ ವೇಗ ಇಳಿಸಿಕೊಂಡಿದ್ದವರು ಗಿಡ್ಡ ದಿನಕ್ಕೆ ಹೊಂದಿಕೊಳ್ಳಲೂ ಕಾಲ ಬೇಕಾಯಿತು. ಒಂದೇ ವಾರ ಪ್ರಯೋಗ ಮಾಡಿ, ಲಾಭವಿಲ್ಲ ಎಂದು ಹಳೆಯ ಪದ್ಧತಿಗೆ ಹೋಗುವ ಮ್ಯಾನೇಜರಿಗೆ ಇದು ಎಂದಿಗೂ ಕಾಣುವುದಿಲ್ಲ.

ವರ್ನನ್ ಅವರ ಅಂಕಿಗಳು ನೂರು ವರ್ಷ ವರದಿಗಳಲ್ಲಿ ಮಲಗಿದ್ದವು. ಸ್ಟಾನ್‌ಫರ್ಡಿನ ಅರ್ಥಶಾಸ್ತ್ರಜ್ಞ ಜಾನ್ ಪೆಂಕಾವೆಲ್ 2014ರ ಸುಮಾರಿಗೆ ಅವನ್ನು ಎಬ್ಬಿಸಿ ಇವತ್ತಿನ ಸಂಖ್ಯಾಶಾಸ್ತ್ರದಿಂದ ಮತ್ತೆ ನೋಡಿದರು. ಫಲಿತಾಂಶ ಎರಡು ಸಾಲಿನದು. ವಾರಕ್ಕೆ ಸುಮಾರು 49 ಗಂಟೆಯವರೆಗೆ ಗಂಟೆ ಹೆಚ್ಚಿದಷ್ಟೂ ಮಾಲು ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಅದರಾಚೆ ಏರಿಕೆ ಕುಂಟತೊಡಗುತ್ತದೆ. 70 ಗಂಟೆ ದುಡಿದ ವಾರದ ಉತ್ಪಾದನೆಗೂ 56 ಗಂಟೆ ದುಡಿದ ವಾರದ ಉತ್ಪಾದನೆಗೂ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ.

ಹದಿನಾಲ್ಕು ಗಂಟೆ. ಒಬ್ಬಳು ಹುಡುಗಿ ವಾರದಲ್ಲಿ ಹದಿನಾಲ್ಕು ಗಂಟೆ ಲೇತ್ ಮುಂದೆ ನಿಂತದ್ದಕ್ಕೆ ಲೆಕ್ಕಕ್ಕೆ ಬರುವ ಒಂದು ತುಂಡೂ ಇಲ್ಲ. ಆ ಗಂಟೆಗಳಿಗೆ ಒಂದೂವರೆಪಟ್ಟು ಓಟಿ ಕೊಡುವ ಕಾರ್ಖಾನೆಯಾದರೆ ಇಪ್ಪತ್ತೊಂದು ಗಂಟೆಯ ಕೂಲಿ ಗಾಳಿಗೆ. ಸಚಿವಾಲಯದ ಮೂವತ್ತು ಲಕ್ಷ ಜನರೂ ಎಪ್ಪತ್ತು ಗಂಟೆ ದುಡಿದಿದ್ದರೆ ಪೋಲಾಗುತ್ತಿದ್ದದ್ದು ವಾರಕ್ಕೆ ನಾಲ್ಕು ಕೋಟಿ ಇಪ್ಪತ್ತು ಲಕ್ಷ ಗಂಟೆ. ವರ್ಷಕ್ಕೆ 8,760 ಗಂಟೆಯಂತೆ ಅದನ್ನು ಕಾಲಕ್ಕೆ ತಿರುಗಿಸಿದರೆ ಸುಮಾರು 4,800 ವರ್ಷ. ಇವತ್ತಿನಿಂದ ಹಿಂದಕ್ಕೆ ಎಣಿಸುತ್ತ ಹೋದರೆ ಹರಪ್ಪದ ಆರಂಭದ ಕಾಲ. ಒಂದೇ ಒಂದು ವಾರದಲ್ಲಿ. ಎಲ್ಲರೂ ಎಪ್ಪತ್ತು ದುಡಿಯಲಿಲ್ಲ, ನಿಜ. ಹತ್ತರಲ್ಲಿ ಒಬ್ಬರು ದುಡಿದಿದ್ದರು ಎಂದಿಟ್ಟುಕೊಂಡರೂ ವಾರಕ್ಕೆ 480 ವರ್ಷ, ಅಂದರೆ ಹತ್ತಿರ ಹತ್ತಿರ ತಾಳಿಕೋಟೆ ಯುದ್ಧದ ದಿನಗಳಿಗೆ.

ಎಪ್ಪತ್ತು ಎಂದ ಕೂಡಲೇ ಕನ್ನಡದ ಓದುಗರಿಗೆ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ನೆನಪಾಗದಿರುವುದು ಕಷ್ಟ. 2023ರ ಅಕ್ಟೋಬರಿನಲ್ಲಿ ದೇಶದ ಯುವಕರು ವಾರಕ್ಕೆ ಎಪ್ಪತ್ತು ಗಂಟೆ ದುಡಿಯಬೇಕು ಎಂದು ಅವರು ಹೇಳಿದ ಮೇಲೆ ತಿಂಗಳುಗಟ್ಟಲೆ ಜಗಳವಾಯಿತು. ಲ್ಯಾಪ್‌ಟಾಪು ಲೇತ್ ಅಲ್ಲ, ಕೋಡಿನ ಸಾಲುಗಳನ್ನು ಫ್ಯೂಸಿನಂತೆ ತಟ್ಟೆಯಲ್ಲಿ ಜೋಡಿಸಿ ಎಣಿಸಲೂ ಆಗದು. ಆದರೂ ಆ ಗಲಾಟೆಯಲ್ಲಿ ಕೂಗಾಡಿದ ಎರಡೂ ಕಡೆಯವರು ಮೊದಲು ಸಾಕ್ಷಿಗೆ ಕರೆಯಬೇಕಾಗಿದ್ದದ್ದು ಈ ಫ್ಯೂಸಿನ ಹೆಂಗಸರನ್ನು. ಎಪ್ಪತ್ತು ಗಂಟೆಯ ಬಗ್ಗೆ ಇಷ್ಟು ನಿಖರವಾಗಿ ಬರೆದಿಟ್ಟ ಸಾಕ್ಷ್ಯಗಳು ಹೆಚ್ಚಿಲ್ಲ.

ಇನ್ನು ಕಾಯಿಲೆಯ ಕಡೆಗೆ. ಗೈರುಹಾಜರಿ ಎಲ್ಲಕ್ಕಿಂತ ಹೆಚ್ಚು ಎಲ್ಲಿ ಎಂದು ನೋಡಿದರೆ, ಬೆಳಗಿನ ಉಪಾಹಾರಕ್ಕೆ ಮುಂಚಿನ ಅವಧಿಯಲ್ಲಿ. ಆರಕ್ಕೆ ಶಿಫ್ಟು ಶುರು, ಎಂಟಕ್ಕೆ ತಿಂಡಿ. ಖಾಲಿ ಹೊಟ್ಟೆಯಲ್ಲಿ ಎರಡು ಗಂಟೆ ದುಡಿಯಲು ಜನ ಬರುತ್ತಲೇ ಇರಲಿಲ್ಲ, ಬಂದವರ ಕೈಯೂ ಓಡುತ್ತಿರಲಿಲ್ಲ. ತಿಂಡಿ ತಿಂದು ಬನ್ನಿ, ಎಂಟಕ್ಕೇ ಶುರು ಮಾಡೋಣ ಎಂದ ಕಾರ್ಖಾನೆಗಳು ಎರಡು ಗಂಟೆ ಬಿಟ್ಟುಕೊಟ್ಟು ಏನನ್ನೂ ಕಳೆದುಕೊಳ್ಳಲಿಲ್ಲ. ಸಮಿತಿ ಕ್ಯಾಂಟೀನ್ ಬೇಕು ಎಂದಿತು. ಯುದ್ಧ ಮುಗಿಯುವಷ್ಟರಲ್ಲಿ ಸಾವಿರದ ಹತ್ತಿರ ಕ್ಯಾಂಟೀನ್‌ಗಳು ಹತ್ತು ಲಕ್ಷ ಜನಕ್ಕೆ ಊಟ ಹಾಕುತ್ತಿದ್ದವು. ಹೆಂಡದಂಗಡಿ ಮುಚ್ಚಿ ಸಾಧಿಸಲಾಗದ್ದನ್ನು ಬಿಸಿ ಊಟ ಎಷ್ಟೋ ಸಾಧಿಸಿತು. ಇವತ್ತು ನಮ್ಮ ಎಚ್‌ಎಎಲ್, ಬಿಇಎಲ್‌ನಂಥ ಕಡೆ ಕ್ಯಾಂಟೀನಿನ ಊಟವನ್ನು ಹಕ್ಕು ಎಂದು ಭಾವಿಸುವವರಿಗೆ ಅದರ ವಂಶವೃಕ್ಷ ಇಲ್ಲೂ ಒಂದು ಬೇರು ಬಿಟ್ಟಿದೆ ಎಂದು ತಿಳಿದಿರಲಿಕ್ಕಿಲ್ಲ.

ಅಪಘಾತದ ಲೆಕ್ಕ ಸಮಿತಿಯ 21ನೇ ಟಿಪ್ಪಣಿಯಲ್ಲಿದೆ, ಅದೂ ವರ್ನನ್ ಅವರದೇ. ಒಂದು ಫ್ಯೂಸ್ ಕಾರ್ಖಾನೆಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ದುಡಿಯುವಾಗ ಹೆಂಗಸರಿಗೆ ಆಗುತ್ತಿದ್ದ ಅಪಘಾತಗಳು, ಅದನ್ನು ಹತ್ತಕ್ಕೆ ಇಳಿಸಿದ ಮೇಲಿನದಕ್ಕಿಂತ ಎರಡೂವರೆ ಪಟ್ಟು. ಎರಡು ಗಂಟೆಯ ಓಟಿ ಕೊಟ್ಟು ಸರ್ಕಾರ ಕೊಂಡುಕೊಂಡದ್ದು ಇದನ್ನು.

ದಣಿವು ಒಂದು ಕಡೆ. ಮದ್ದು ತುಂಬುವವರ ಕಾಯಿಲೆಯೇ ಬೇರೆ. ಟಿಎನ್‌ಟಿ ಪುಡಿ ಚರ್ಮದಿಂದ, ಉಸಿರಿನಿಂದ ಒಳಗಿಳಿದು ಯಕೃತ್ತನ್ನು ತಿನ್ನುತ್ತದೆ. ಮೈ ಹಳದಿ, ಮುಂಗೂದಲು ಕಿತ್ತಳೆ. ಊರಿನವರು ಈ ಹುಡುಗಿಯರನ್ನು ಕೆನೇರಿ ಹಕ್ಕಿಗಳು ಎಂದು ಕರೆದರು. ಕೆಲವರಿಗೆ ಹಳದಿ ಮಗುವೇ ಹುಟ್ಟಿತು. 1916ರ ಮೊದಲ ದಿನದಿಂದ ವಿಷಕಾಮಾಲೆಯನ್ನು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯವಾಯಿತು, ಆದ್ದರಿಂದ ಸಂಖ್ಯೆ ಉಳಿದಿದೆ. 1916ರಲ್ಲಿ 181 ಪ್ರಕರಣ, 52 ಸಾವು. 1917ರಲ್ಲಿ 189, ಸಾವು 44. 1918ರಲ್ಲಿ 34, ಸಾವು ಹತ್ತು. ಹದಿನೇಳು ಕೋಟಿ ಶೆಲ್‌ಗಳ ಎದುರು 404 ಚಿಕ್ಕ ಸಂಖ್ಯೆ. ಆದರೆ ಕಾಯಿಲೆ ದಾಖಲಾದ ನಾಲ್ವರಲ್ಲಿ ಒಬ್ಬರು ಉಳಿಯಲಿಲ್ಲ. 189ರಿಂದ 34ಕ್ಕೆ ಇಳಿದದ್ದು ಹೇಗೆಂದರೆ ಗಾಳಿಯಾಡುವ ಕೋಣೆ, ವೈದ್ಯರ ತಪಾಸಣೆ, ಮತ್ತು ಒಂದೇ ಕೈಯನ್ನು ತಿಂಗಳುಗಟ್ಟಲೆ ಟಿಎನ್‌ಟಿಯಲ್ಲಿ ಇಡದೆ ಸರದಿಯ ಮೇಲೆ ಬೇರೆ ಕೆಲಸಕ್ಕೆ ಹಾಕಿದ್ದು. ಯಾವುದಕ್ಕೂ ಹೊಸ ವಿಜ್ಞಾನ ಬೇಕಿರಲಿಲ್ಲ.

ಲೀಡ್ಸ್ ಹತ್ತಿರದ ಬಾರ್ನ್‌ಬೋ ಕಾರ್ಖಾನೆಯಲ್ಲಿ 16,000 ಜನ, ನೂರಕ್ಕೆ ತೊಂಬತ್ತಮೂರು ಹೆಂಗಸರು, ದಿನಕ್ಕೆ ಮೂರು ಶಿಫ್ಟು, ವಾರಕ್ಕೆ ಆರು ದಿನ. ಟಿಎನ್‌ಟಿ ವಿಷಕ್ಕೆ ಹಾಲು ಮದ್ದು ಎಂದು ನಂಬಿ ಕಾರ್ಖಾನೆ 120 ಹಸು ಸಾಕಿತು. ದಿನಕ್ಕೆ 300 ಗ್ಯಾಲನ್, ಅಂದರೆ ಸುಮಾರು 1,360 ಲೀಟರ್ ಹಾಲು. ಕೇಳಲು ಹೊಳೆಯಂತಿದೆ. ಎಲ್ಲರಿಗೂ ಹಂಚಿದರೆ ತಲೆಗೆ 85 ಮಿಲಿಲೀಟರ್, ಅರ್ಧ ಲೋಟವೂ ಅಲ್ಲ. ಹಾಲು ಆ ವಿಷಕ್ಕೆ ಮದ್ದೂ ಅಲ್ಲ. 1916ರ ಡಿಸೆಂಬರ್ 5ರ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ, ಆಗಷ್ಟೇ ಶಿಫ್ಟು ಬದಲಾಗಿದ್ದ 42ನೇ ಕೋಣೆಯಲ್ಲಿ ಫ್ಯೂಸ್ ಬಿಗಿಯುವಾಗ ಸಿಡಿತವಾಯಿತು. 35 ಹೆಂಗಸರು ಸತ್ತರು. ಕೋಣೆ ತೊಳೆದು ಕೆಲವೇ ಗಂಟೆಗಳಲ್ಲಿ ಅಲ್ಲೇ ಕೆಲಸ ಮಾಡುತ್ತೇವೆಂದು ಬೇರೆ ಹುಡುಗಿಯರು ಮುಂದೆ ಬಂದರು. ಪತ್ರಿಕೆಗಳಲ್ಲಿ ಸುದ್ದಿ ಬರದಂತೆ ತಡೆದಿದ್ದರು. ಕೆಲಸಗಳ್ಳರು ಎಂದು ಶ್ವೇತಪತ್ರ ಹೊರಡಿಸಿದ್ದು ಇಂಥ ಕಾರ್ಮಿಕ ವರ್ಗದ ಬಗ್ಗೆ.

ನನಗೆ ಈ ಕಥೆಯಲ್ಲಿ ದೊಡ್ಡ ವಿಸ್ಮಯ ಸೆಕೆಂಡಿಗೆ ಹನ್ನೊಂದು ಶೆಲ್ ಅಲ್ಲ. ಓಟಿ ಬಿಲ್ಲನ್ನು ಲೆಕ್ಕಪತ್ರ ವಿಭಾಗ ಒಂದು ಪುಸ್ತಕದಲ್ಲಿ ಬರೆಯಿತು, ಗೈರುಹಾಜರಿಯನ್ನು ಟೈಂ ಆಫೀಸು ಇನ್ನೊಂದರಲ್ಲಿ, ಕಾಯಿಲೆಯನ್ನು ವೈದ್ಯರು ಮೂರನೆಯದರಲ್ಲಿ. ಮೂರೂ ಒಂದೇ ದುಡ್ಡಿನ ಮೂರು ರಸೀದಿಗಳು. ಜನ ಸಾಲದೆ ಓಟಿ, ಓಟಿಯಿಂದ ದಣಿವು, ದಣಿವಿನಿಂದ ಗೈರು, ಗೈರಿನಿಂದ ಜನ ಸಾಲದೆ ಮತ್ತೆ ಓಟಿ. ಮೂರು ಪುಸ್ತಕವನ್ನೂ ಒಂದೇ ಮೇಜಿನ ಮೇಲೆ ಬಿಚ್ಚಿಟ್ಟದ್ದು ನ್ಯೂಮನ್ ಸಮಿತಿಯ ಸಾಧನೆ. ಹಾಗೆ ಬಿಚ್ಚಿಟ್ಟ ಮೇಲೂ ಅದರ ಸಲಹೆ ಅಂಜುತ್ತಂಜುತ್ತಲೇ ಬಂತು: ಗಂಡಸರಿಗೆ ವಾರಕ್ಕೆ ಸರಾಸರಿ 65ರಿಂದ 67 ಗಂಟೆ ಮೀರದಿರಲಿ, ಹೆಂಗಸರಿಗೆ 60. ತಮ್ಮದೇ ಅಂಕಿಗಳು ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚು. ಯುದ್ಧದ ನಡುವೆ ಅಷ್ಟು ಹೇಳಿದ್ದೇ ಧೈರ್ಯ ಎಂದು ಒಪ್ಪಬಹುದೇನೋ.

ಅಷ್ಟನ್ನೂ ಮರೆಯಲು ಬೇಕಾದದ್ದು ಇಪ್ಪತ್ತೆರಡು ವರ್ಷ. 1940ರ ಬೇಸಗೆಯಲ್ಲಿ ಡನ್‌ಕರ್ಕ್‌ನಿಂದ ಸೇನೆ ಬರಿಗೈಯಲ್ಲಿ ಮರಳಿದಾಗ ಬ್ರಿಟನ್ನಿನ ವಿಮಾನ ಮತ್ತು ಮದ್ದುಗುಂಡು ಕಾರ್ಖಾನೆಗಳು ಮತ್ತೆ ವಾರಕ್ಕೆ ಏಳು ದಿನ ಓಡಿದವು. ಮೊದಲ ವಾರಗಳಲ್ಲಿ ಉತ್ಪಾದನೆ ಜಿಗಿಯಿತು. ಕೆಲವೇ ವಾರಕ್ಕೆ ಕುಸಿಯಿತು, ಕಾಯಿಲೆ ಏರಿತು, ಭಾನುವಾರದ ರಜೆ ಮರಳಿ ಬಂತು. ಹಳೆಯ ವರದಿಗಳು ಅಲ್ಲೇ ಗ್ರಂಥಾಲಯದಲ್ಲಿದ್ದವು.

ವರದಿಗಳಿಂದ ಜಗತ್ತಿಗೆ ದಕ್ಕಿದ್ದೂ ಇದೆ. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊತ್ತಮೊದಲ ಒಡಂಬಡಿಕೆ ಕಾರ್ಖಾನೆಗೆ ವಾರಕ್ಕೆ 48 ಗಂಟೆ ಎಂದಿತು. ಪೆಂಕಾವೆಲ್ ಕಂಡ ತಿರುವು 49ರಲ್ಲಿ. ಒಂದೇ ಗಂಟೆಯ ಅಂತರ. ಆದರೆ ಅದೇ ಒಡಂಬಡಿಕೆಯಲ್ಲಿ ಬ್ರಿಟಿಷ್ ಇಂಡಿಯಾಕ್ಕೆಂದು ಪ್ರತ್ಯೇಕ ವಿಧಿ ಇತ್ತು: ಇಲ್ಲಿ 60 ಸಾಕು. ಬ್ರಿಟನ್ನಿನ ಹೆಂಗಸರ ಮೇಲೆ ಕಲಿತ ಪಾಠದ ಹನ್ನೆರಡು ಗಂಟೆಯನ್ನು ಹಡಗಿನಲ್ಲಿ ಬರುವಾಗ ಎಲ್ಲೋ ಇಳಿಸಿಬಿಟ್ಟಿದ್ದರು. 1922ರಲ್ಲಿ 60, 1934ರಲ್ಲಿ 54, 1946ರಲ್ಲಿ 48 ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದು, 1948ರ ಕಾರ್ಖಾನೆ ಕಾಯ್ದೆಯಲ್ಲಿ 48 ಗಂಟೆ ನೆಲೆಯಾಯಿತು. ಮೀರಿದರೆ ದುಪ್ಪಟ್ಟು ಕೂಲಿ. ನಮ್ಮ ಆರ್ಡ್‌ನೆನ್ಸ್ ಕಾರ್ಖಾನೆಗಳ ಓಟಿ ಲೆಕ್ಕವೂ ಇದೇ ಕಾಯ್ದೆಯ 59ನೇ ಕಲಮಿನ ಮೇಲೆ ನಿಂತಿತ್ತು.

2023ರಲ್ಲಿ ಕರ್ನಾಟಕ ಈ ಕಾಯ್ದೆಗೆ ತನ್ನದೊಂದು ತಿದ್ದುಪಡಿ ತಂದಿತು. ವಾರದ 48 ಗಂಟೆ ಹಾಗೇ ಉಳಿಯಿತು, ದಿನದ ಮಿತಿ 9ರಿಂದ 12ಕ್ಕೆ ಏರಿತು, ಮೂರು ತಿಂಗಳಲ್ಲಿ ಮಾಡಿಸಬಹುದಾದ ಓಟಿ 75 ಗಂಟೆಯಿಂದ 145ಕ್ಕೆ. ಮೂರು ತಿಂಗಳಿಗೆ ಹದಿಮೂರು ವಾರ. 145ನ್ನು ಹದಿಮೂರರಿಂದ ಭಾಗಿಸಿ 48ಕ್ಕೆ ಕೂಡಿಸಿದರೆ ವಾರಕ್ಕೆ 59 ಗಂಟೆ ಮತ್ತು ಒಂಬತ್ತು ನಿಮಿಷ. 1919ರ ವಿನಾಯಿತಿಗೆ ಐವತ್ತೊಂದು ನಿಮಿಷ ಕಡಿಮೆ.